ಹಳೇ ರೇಡಿಯೇಟರ್ ಮನೆ: ಎಲ್ಲ ಕಿತ್ತು ಹಾಕದೆ ಬಿಲ್ ಇಳಿಸಲು ಸಾಧ್ಯವೇ?

ಮಂಜುಮನೆ:
ಎಲ್ಲರಿಗೂ ನಮಸ್ಕಾರ. ಈಚೆಗೆ ಕೊಂಡ ಮನೆ ಹಳೆಯದು, ಎರಡು ಅಂತಸ್ತು. ಬಿಸಿನೀರು ಸುತ್ತುವ ರೇಡಿಯೇಟರ್ ವ್ಯವಸ್ಥೆ ಇದೆ. ಕೆಳಗಡೆ ಎರಕದ ಕಬ್ಬಿಣದ ದಪ್ಪ ಕಂಬಗಳವು, ಮೇಲ್ಗಡೆ ಆಮೇಲೆ ಯಾರೋ ಹಾಕಿಸಿದ ಉಕ್ಕಿನ ತೆಳು ಪ್ಯಾನೆಲ್‌ಗಳು. ಗ್ಯಾಸ್ ಬಾಯ್ಲರ್ ಮಾತ್ರ ಅಷ್ಟು ಹಳೆಯದಲ್ಲ, 75 ಡಿಗ್ರಿಗೆ ಇಟ್ಟಿದ್ದಾರೆ. ಹಾಲ್‌ನಲ್ಲಿ ಕೂತರೆ ಸೆಕೆ, ಮೇಲಿನ ಮೂಲೆ ಕೋಣೆಯಲ್ಲಿ ಕಂಬಳಿ ಹೊದ್ದರೂ ಚಳಿ. ಗ್ಯಾಸ್ ಬಿಲ್ಲಂತೂ ಕೇಳಬೇಡಿ.

ನೋಡಲು ಬಂದ ಒಬ್ಬರು "ಇವನ್ನೆಲ್ಲ ಕಿತ್ತು ಹೊಸ ರೇಡಿಯೇಟರ್ ಹಾಕಿಸಿ" ಅಂದರು. ಇನ್ನೊಬ್ಬರು "ದೊಡ್ಡ ಪಂಪ್ ಹಾಕಿದರೆ ಮೂಲೆಗೂ ಬಿಸಿ ತಲುಪುತ್ತೆ" ಅಂದರು. ಎರಡಕ್ಕೂ ದುಡ್ಡು ಸುರಿಯುವ ಮೊದಲು ನಾವೇ ನೋಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಪೈಪ್_ಪಂಡಿತ:
ಇದೆ, ಬೇಕಾದಷ್ಟಿದೆ. ಆದರೆ ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಬಾಯ್ಲರ್ ಕಂಡೆನ್ಸಿಂಗ್ ಮಾದರಿಯದೋ, ಅಂದರೆ ಹೊಗೆಯಲ್ಲಿನ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುವಂಥದ್ದೋ? ಗೊತ್ತಿಲ್ಲದಿದ್ದರೆ ಅದರ ಕೆಳಗಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯೊಂದು ಚರಂಡಿಗೆ ಹೋಗುತ್ತಿದೆಯೇ ನೋಡಿ. ಇದ್ದರೆ ಬಹುತೇಕ ಕಂಡೆನ್ಸಿಂಗ್. ಎರಡನೆಯದು, ಒತ್ತಡದ ಮುಳ್ಳು ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು? ಮೂರು, ಆಗಾಗ ನೀರು ತುಂಬಿಸುತ್ತಿದ್ದೀರಾ? ನಾಲ್ಕನೆಯದೇ ಮುಖ್ಯ: ಒಂದೊಂದು ರೇಡಿಯೇಟರ್ ಮೇಲೂ ಕೈಯಾಡಿಸಿ, ಎಲ್ಲಿ ತಣ್ಣಗಿದೆ ಅಂತ ಬರೆದುಕೊಳ್ಳಿ. ತಲೆ ತಣ್ಣಗಿದ್ದು ಬುಡ ಬಿಸಿಯಿದ್ದರೆ ಒಳಗೆ ಗಾಳಿ. ತಲೆ ಬಿಸಿಯಿದ್ದು ಬುಡದ ನಡುಭಾಗ ತಣ್ಣಗಿದ್ದರೆ ಹೂಳು. ಇಡೀ ರೇಡಿಯೇಟರೇ ಉಗುರುಬೆಚ್ಚಗಿದ್ದರೆ ಅದಕ್ಕೆ ನೀರೇ ಸಾಲುತ್ತಿಲ್ಲ.

ದೊಡ್ಡ ಪಂಪಿನ ಮಾತು ಸದ್ಯಕ್ಕೆ ಬಿಡಿ. ನೀರು ಅಡ್ಡಿ ಕಡಿಮೆ ಇರುವ ದಾರಿಯನ್ನೇ ಹಿಡಿಯುತ್ತದೆ. ಪಂಪ್ ದೊಡ್ಡದಾದರೆ ಹಾಲ್‌ಗೆ ಇನ್ನೂ ಜಾಸ್ತಿ ಹೋಗುತ್ತದೆ, ಪೈಪುಗಳಲ್ಲಿ ಸದ್ದು ಶುರುವಾಗುತ್ತದೆ, ಕರೆಂಟೂ ದಂಡ.

ಚಳಿರಾಯ:
ಇಷ್ಟೆಲ್ಲ ಯಾಕೆ ಸ್ವಾಮಿ? ಅಜ್ಜನ ಕಾಲದ ಕಬ್ಬಿಣ ಅದು. ಬಿಸಿಯಾಗೋಕೆ ಒಂದು ಗಂಟೆ, ಅದಕ್ಕೆ ಗ್ಯಾಸ್ ಸುಡ್ತಾನೇ ಇರುತ್ತೆ. ಗುಜರಿಗೆ ಹಾಕಿ ಹೊಸ ಪ್ಯಾನೆಲ್ ಹಾಕಿಸ್ಕೊಂಡು ನೆಮ್ಮದಿಯಾಗಿರಿ.

ಹಳೆಕಬ್ಬಿಣ:
ಚಳಿರಾಯರೇ, ಸ್ವಲ್ಪ ತಡೀರಿ. ಕಬ್ಬಿಣ ಬಿಸಿಯಾಗಲು ತೆಗೆದುಕೊಂಡ ಶಾಖ ಎಲ್ಲಿ ಹೋಗುತ್ತದೆ? ಬಾಯ್ಲರ್ ನಿಂತ ಮೇಲೂ ಅದೇ ಕೋಣೆಗೆ ನಿಧಾನವಾಗಿ ಇಳಿಯುತ್ತದೆ. ನೀರಿನಿಂದ ರೇಡಿಯೇಟರ್ ತೆಗೆದುಕೊಂಡ ಶಾಖ ಬಹುಪಾಲು ಕೋಣೆಗೇ ಸೇರುತ್ತದೆ. ಸೋರಿಕೆ ಏನಿದ್ದರೂ ಬಾಯ್ಲರ್‌ನ ಹೊಗೆಕೊಳವೆಯಲ್ಲಿ, ಬಿಸಿಮಾಡದ ಜಾಗದಲ್ಲಿ ಓಡುವ ಬೆತ್ತಲೆ ಪೈಪುಗಳಲ್ಲಿ, ರೇಡಿಯೇಟರ್ ಬೆನ್ನಿಗಿರುವ ಹೊರಗೋಡೆಯಲ್ಲಿ. ಬೆಳಿಗ್ಗೆ ಒಂದು ಗಂಟೆ ಮಾತ್ರ ಬಳಸುವ ಕೋಣೆಗೆ ಹಗುರ ಪ್ಯಾನೆಲ್ ಅನುಕೂಲ, ಒಪ್ಪುತ್ತೇನೆ. ದಿನವಿಡೀ ಜನ ಇರುವ ಕೋಣೆಗೆ ಎರಕದ ಕಬ್ಬಿಣ ಸಾಕಷ್ಟು ಸೊಗಸು.

ಫ್ರಾಂಜ್ ಸಾನ್ ಗಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರೇಡಿಯೇಟರ್ ರೂಪಿಸಿದ್ದು 1850ರ ದಶಕದಲ್ಲಿ. ಮೂಲತತ್ವ ಇವತ್ತಿಗೂ ಬದಲಾಗಿಲ್ಲ: ಒಳಗೆ ಬಿಸಿನೀರು ಅಥವಾ ಹಬೆ, ಹೊರಗೆ ಆದಷ್ಟು ಹೆಚ್ಚು ಮೈ.

ಮಂಜುಮನೆಯವರೇ, ನಿಮ್ಮ ಕಂಬಗಳ ಬಣ್ಣ ಯಾವುದು? ಬೆಳ್ಳಿಬಣ್ಣದ ಅಲ್ಯೂಮಿನಿಯಂ ಪೇಂಟ್ ಬಳಿದಿದ್ದರೆ ಅದು ಶಾಖದ ಕಿರಣಗಳನ್ನು ಕಡಿಮೆ ಸೂಸುತ್ತದೆ. ಸಾಮಾನ್ಯ ಎಣ್ಣೆಬಣ್ಣವಾದರೆ ಬಿಳಿಯೋ ಕಪ್ಪೋ ವ್ಯತ್ಯಾಸವಿಲ್ಲ, ಎರಡರ ಸೂಸುವಿಕೆಯೂ 0.9ರ ಆಸುಪಾಸು. ಲೆಕ್ಕಕ್ಕೆ ಬರುವುದು ಕೊನೆಯ ಪದರ ಮಾತ್ರ. ಹಾಗಾಗಿ ಬೆಳ್ಳಿಯನ್ನು ಕೆರೆಯಬೇಕಿಲ್ಲ, ಮೇಲೆ ಸಾಮಾನ್ಯ ಬಣ್ಣ ಬಳಿದರೆ ಆಯಿತು. ಕೆರೆಯಲೇಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ: ಹಳೇ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು, ಆ ಪುಡಿ ಮಕ್ಕಳಿರುವ ಮನೆಗಂತೂ ವಿಷ.

ಮಂಜುಮನೆ:
ಬಣ್ಣ ಬಿಳಿ, ಬಚಾವ್. ಪಂಡಿತರೇ, ನೋಡಿದೆ. ಬಾಯ್ಲರ್ ಕೆಳಗೆ ಬಿಳಿ ಪ್ಲಾಸ್ಟಿಕ್ ಕೊಳವೆ ಇದೆ. ಮೂಲೆ ಕೋಣೆಯದು ತಲೆ ಬಿಸಿ, ಬುಡದ ನಡುವೆ ತಣ್ಣಗೆ. ಬಚ್ಚಲದ್ದು ಮೇಲರ್ಧ ತಣ್ಣಗೆ, ಒಳಗೆ ಗುಳುಗುಳು ಸದ್ದು. ಮುಳ್ಳು ತಣ್ಣಗಿದ್ದಾಗ 1 ಬಾರ್‌ಗಿಂತ ಕೆಳಗೆ, ಪೂರ್ತಿ ಬಿಸಿಯಾದಾಗ 3ರ ಹತ್ತಿರ ಹೋಗುತ್ತದೆ. ಹೌದು, ನೀರು ಆಗಾಗ ತುಂಬಿಸುತ್ತಿದ್ದೇವೆ. ಹಳೇ ಮನೆಯವರೂ ಹಾಗೇ ಮಾಡುತ್ತಿದ್ದರಂತೆ.

ಪೈಪ್_ಪಂಡಿತ:
ಅಲ್ಲಿದೆ ನೋಡಿ ಕಾಯಿಲೆ. ತಣ್ಣಗಿದ್ದಾಗ 1, ಬಿಸಿಯಾದಾಗ 3 ಅಂದರೆ ನಿಮ್ಮ ಎಕ್ಸ್‌ಪಾನ್ಷನ್ ಟ್ಯಾಂಕ್ ಕೆಲಸ ಮಾಡುತ್ತಿಲ್ಲ. ಬಿಸಿಯಾದ ನೀರು ಹಿಗ್ಗುತ್ತದೆ. ಆ ಹಿಗ್ಗನ್ನು ನುಂಗಿಕೊಳ್ಳಲು ಟ್ಯಾಂಕಿನೊಳಗೆ ರಬ್ಬರ್ ಪರದೆಯ ಆಚೆ ಗಾಳಿ ತುಂಬಿರಬೇಕು. ಗಾಳಿ ಇಳಿದುಹೋಗಿದ್ದರೆ ಒತ್ತಡ ಏರುತ್ತದೆ, 3 ಬಾರ್ ಆಸುಪಾಸಿನಲ್ಲಿ ಸುರಕ್ಷತಾ ವಾಲ್ವ್ ಬಾಯಿಬಿಟ್ಟು ಒಂದಿಷ್ಟು ನೀರು ಹೊರಚೆಲ್ಲುತ್ತದೆ. ತಣ್ಣಗಾದಾಗ ಮುಳ್ಳು ಕೆಳಗೆ. ನೀವು ಮತ್ತೆ ತುಂಬಿಸುತ್ತೀರಿ. ಹೊಸ ನೀರಿನ ಜತೆ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ, ಉಕ್ಕನ್ನು ತಿನ್ನುತ್ತದೆ. ತಿಂದದ್ದು ಮ್ಯಾಗ್ನೆಟೈಟ್ ಎಂಬ ಕಪ್ಪು ಹೂಳಾಗಿ ಮೂಲೆ ಕೋಣೆಯ ರೇಡಿಯೇಟರ್ ಬುಡದಲ್ಲಿ ಕೂರುತ್ತದೆ. ಬಚ್ಚಲಿನ ಗಾಳಿ, ಮೂಲೆಯ ಹೂಳು, ಇಳಿಯುವ ಮುಳ್ಳು, ಮೂರಕ್ಕೂ ಬೇರು ಒಂದೇ ಅಂತ ನನ್ನ ಅಂದಾಜು.

ಆದ್ದರಿಂದ ಮೊದಲು ಟ್ಯಾಂಕ್ ಸರಿಮಾಡಿಸಿ. ನೀರಿನ ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಗಾಳಿಯ ಒತ್ತಡ ಅಳೆಯಬೇಕು, ಬಾಯ್ಲರ್ ಒಳಗಿರುವ ಟ್ಯಾಂಕಾದರೆ ತಂತ್ರಜ್ಞರೇ ಮಾಡಲಿ. ಪರದೆ ಹರಿದಿದ್ದರೆ ಟ್ಯಾಂಕೇ ಹೊಸದು ಬೇಕು. ಇದು ಆಗದೆ ಹೂಳು ತೊಳೆಸಿದರೆ ಮತ್ತೆ ಅದೇ ಹೂಳು ಬರುತ್ತದೆ.

ಗಾಳಿ ಬಿಡುವುದು ನೀವೇ ಮಾಡಬಹುದು. ಪಂಪ್ ನಿಲ್ಲಿಸಿ, ನೀರು ತಣಿಯಲು ಬಿಡಿ. ಕೆಳ ಅಂತಸ್ತಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ರೇಡಿಯೇಟರ್ ಮೇಲ್ತುದಿಯಲ್ಲಿರುವ ಗಾಳಿ ಬಿಡುವ ಚಿಕ್ಕ ತಿರುಪಿಗೆ ಚೌಕ ಕೀಲಿಯಿಂದ ಅರ್ಧ ತಿರುವು ಸಾಕು, ಬಟ್ಟೆ ಹಿಡಿದುಕೊಳ್ಳಿ. ಬುಸ್ ಎನ್ನುವುದು ನಿಂತು ನೀರು ಬಂದ ಕೂಡಲೇ ಮುಚ್ಚಿ. ಕೊನೆಗೆ ಒತ್ತಡ 1ರಿಂದ 1.5 ಬಾರ್ ನಡುವೆ ಇದೆಯೇ ನೋಡಿ. ಒಳಗಿನಿಂದ ಬರುವುದು ಯಾವಾಗಲೂ ಬರೀ ಗಾಳಿಯಲ್ಲ. ಲೋಹ ತುಕ್ಕು ಹಿಡಿಯುವಾಗ ಹುಟ್ಟುವ ಹೈಡ್ರೋಜನ್ ಕೂಡ ಇರಬಹುದು, ಅದು ಹೊತ್ತಿಕೊಳ್ಳುತ್ತದೆ. ಹತ್ತಿರ ಬೆಂಕಿ ಬೇಡ.

ಬಂದ ನೀರನ್ನು ಬಿಳಿ ಲೋಟದಲ್ಲಿ ಹಿಡಿದು ನೋಡಿ. ಕಪ್ಪಗಿದ್ದು ಅಯಸ್ಕಾಂತಕ್ಕೆ ಅಂಟಿದರೆ ಮ್ಯಾಗ್ನೆಟೈಟ್. ಕೆಂಪು ತುಕ್ಕಿನ ಬಣ್ಣವಿದ್ದರೆ ಆಮ್ಲಜನಕ ಈಗಲೂ ಒಳಗೆ ಬರುತ್ತಿದೆ ಎಂದರ್ಥ.

ಹಳೆಕಬ್ಬಿಣ:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಳೇ ಪೈಪುಗಳಿಗೆ ಯಂತ್ರ ಹಚ್ಚಿ ರಭಸದಿಂದ ತೊಳೆಸುವ ಮೊದಲು ಯೋಚಿಸಿ. ಎಷ್ಟೋ ಕಡೆ ತೂತನ್ನು ಮುಚ್ಚಿಕೊಂಡಿರುವುದು ತುಕ್ಕೇ. ಅದನ್ನು ಕೊಚ್ಚಿಸಿದರೆ ಗೋಡೆಯೊಳಗೆ ಸೋರಿಕೆ. ಹೂಳು ಒಂದೆರಡು ಪ್ಯಾನೆಲ್‌ಗಳಲ್ಲಿ ಮಾತ್ರ ಇದ್ದರೆ ಅವನ್ನಷ್ಟೇ ಬಿಚ್ಚಿ ಅಂಗಳಕ್ಕೆ ಒಯ್ದು ನಲ್ಲಿಯ ಪೈಪಿನಿಂದ ತೊಳೆಯುವುದು ಹೆಚ್ಚು ಸುರಕ್ಷಿತ. ಎರಕದ ಕಂಬಗಳನ್ನು ಎತ್ತುವ ಸಾಹಸಕ್ಕೆ ಹೋಗಬೇಡಿ, ಬೆನ್ನು ಹೋಗುತ್ತದೆ.

ಪೈಪ್_ಪಂಡಿತ:
ಸರಿಯಾದ ಮಾತು. ತೊಳೆದ ಮೇಲೆ ತುಕ್ಕುನಿರೋಧಕ ದ್ರಾವಣ ಹಾಕಿಸಿ, ಬಾಯ್ಲರ್‌ಗೆ ಮರಳುವ ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಕೂರಿಸಿ. ವರ್ಷಕ್ಕೊಮ್ಮೆ ಸರ್ವಿಸ್ ಮಾಡುವಾಗ ಅದನ್ನು ತೆರೆದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಲೆಕ್ಕದವಳು:
ಇಲ್ಲಿಯವರೆಗಿನದು ದುರಸ್ತಿ. ನಿಜವಾದ ಉಳಿತಾಯದ ಮಾತು ಇನ್ನೂ ಬಂದಿಲ್ಲ. ಬಾಯ್ಲರ್ ಕಂಡೆನ್ಸಿಂಗ್, ಇಟ್ಟಿರುವುದು 75 ಡಿಗ್ರಿ. ಇದನ್ನು ಓದಿಯೇ ನನಗೆ ಕೈ ತುರಿಸಿತು.

ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿ ಇರುತ್ತದೆ. ಆ ಆವಿ ಬಾಯ್ಲರ್ ಒಳಗೇ ನೀರಾಗಿ ಇಳಿದರೆ ಅದರಲ್ಲಿ ಅಡಗಿದ್ದ ಶಾಖ ನಮಗೆ ಸಿಗುತ್ತದೆ. ನೈಸರ್ಗಿಕ ಅನಿಲದಲ್ಲಿ ಅದು ಒಟ್ಟು ಶಾಖದ ಸುಮಾರು ಹತ್ತನೇ ಒಂದು ಭಾಗ. ಆದರೆ ಆವಿ ನೀರಾಗಬೇಕಾದರೆ ರೇಡಿಯೇಟರ್‌ಗಳಿಂದ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಎಷ್ಟು ತಣ್ಣಗೋ ಅಷ್ಟು ಲಾಭ. ನೀವು 75ಕ್ಕೆ ಕಳಿಸಿದರೆ ಮರಳುವುದು 60, 65. ಅಂದರೆ ಕಂಡೆನ್ಸಿಂಗ್ ಬಾಯ್ಲರ್‌ಗೆ ದುಡ್ಡು ಕೊಟ್ಟು ಸಾಮಾನ್ಯ ಬಾಯ್ಲರಿನ ಹಾಗೆ ಓಡಿಸುತ್ತಿದ್ದೀರಿ.

ಇಳಿಸಿದರೆ ಕೋಣೆ ಬೆಚ್ಚಗಾಗುತ್ತದೆಯೇ? ಲೆಕ್ಕ ಹೀಗಿದೆ. ರೇಡಿಯೇಟರ್‌ಗಳ ವ್ಯಾಟ್ ಅಳೆಯುವುದು ನೀರಿನ ಸರಾಸರಿ ಉಷ್ಣತೆ ಕೋಣೆಗಿಂತ 50 ಡಿಗ್ರಿ ಹೆಚ್ಚಿರುವಾಗ. 75ಕ್ಕೆ ಹೋಗಿ 65ಕ್ಕೆ ಮರಳಿದರೆ ಸರಾಸರಿ 70, ಕೋಣೆ 20, ವ್ಯತ್ಯಾಸ 50, ಪೂರ್ತಿ ಶಾಖ. 65ಕ್ಕೆ ಹೋಗಿ 55ಕ್ಕೆ ಮರಳಿದರೆ ಸುಮಾರು ಮುಕ್ಕಾಲು ಪಾಲು. 55 ಮತ್ತು 45 ಆದರೆ ಅರ್ಧ. 45 ಮತ್ತು 35 ಆದರೆ ಶೇ 30. ವ್ಯತ್ಯಾಸದ 1.3ನೇ ಘಾತದಂತೆ ಇಳಿಯುತ್ತದೆ, ಅದಕ್ಕೇ ಕೆಳಗೆ ಹೋದಂತೆ ಬೇಗ ಕುಸಿಯುವುದು.

ಅರ್ಧ ಅಂದ ತಕ್ಷಣ ಗಾಬರಿ ಬೇಡ. ರೇಡಿಯೇಟರ್ ಆರಿಸಿದ್ದು ವರ್ಷದ ಅತಿ ಚಳಿಯ ದಿನಕ್ಕೆ. ಉಳಿದ ದಿನಗಳಲ್ಲಿ ಅದರ ಅರ್ಧವೋ ಕಾಲು ಭಾಗವೋ ಸಾಕು. ಹಳೇ ಮನೆಗಳಲ್ಲಿ ಆಮೇಲೆ ಕಿಟಕಿ ಬದಲಿಸಿ, ಅಟ್ಟಕ್ಕೆ ಉಷ್ಣನಿರೋಧಕ ಹಾಕಿಸಿರುತ್ತಾರೆ. ರೇಡಿಯೇಟರ್ ಮಾತ್ರ ಅಂದಿನ ಅಳತೆಯದೇ. ಆ ದೈತ್ಯ ಕಂಬಗಳು ಈಗ ನಿಮ್ಮ ಆಸ್ತಿ.

ಚಳಿರಾಯ:
ಕಾಗದದ ಮೇಲೆ ಚೆನ್ನಾಗಿದೆ ಮೇಡಂ. ಇಳಿಸಿದ್ರೆ ಬಾಯ್ಲರ್ ಎರಡರಷ್ಟು ಹೊತ್ತು ಉರಿಯುತ್ತೆ. ಉಳಿದಿದ್ದೇನು?

ಲೆಕ್ಕದವಳು:
ಹೊತ್ತು ಹೆಚ್ಚು, ಉರಿ ಚಿಕ್ಕದು. ಮನೆ ಕಳೆದುಕೊಳ್ಳುವ ಶಾಖ ನಿರ್ಧಾರವಾಗುವುದು ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರದಿಂದ, ಬಾಯ್ಲರ್ ಎಷ್ಟು ಗಂಟೆ ಉರಿಯಿತು ಎಂಬುದರಿಂದಲ್ಲ. ಅಷ್ಟೇ ಶಾಖವನ್ನು ಕಡಿಮೆ ಗ್ಯಾಸಿನಲ್ಲಿ ಕೊಡುವುದು ತಣ್ಣನೆ ಮರಳುವ ನೀರಿನ ಕೆಲಸ. ಇನ್ನೊಂದು, ಬೇಕಾದದ್ದಕ್ಕಿಂತ ದೊಡ್ಡ ಬಾಯ್ಲರ್ ಹೊತ್ತಿಕೊಂಡು ಕೆಲವೇ ನಿಮಿಷದಲ್ಲಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಪ್ರತಿ ಸಲವೂ ಶಾಖ ವ್ಯರ್ಥ, ಬಿಡಿಭಾಗಗಳಿಗೂ ಸವೆತ. ಬಹಳಷ್ಟು ಬಾಯ್ಲರ್‌ಗಳಲ್ಲಿ ಕೋಣೆ ಬಿಸಿಮಾಡುವ ಗರಿಷ್ಠ ಶಕ್ತಿಯನ್ನು ಇಳಿಸಿಡುವ ಸೆಟ್ಟಿಂಗ್ ಇರುತ್ತದೆ. ಅದನ್ನು ತಂತ್ರಜ್ಞರಿಂದ ಮಾಡಿಸಿ.

ಚಳಿರಾಯ:
ಹಾಗಾದ್ರೆ ದಿನವಿಡೀ ಉರಿಸ್ತಾನೇ ಇರೋದು ಲಾಭ ಅಂತ ನಮ್ಮ ಪಕ್ಕದ ಮನೆಯವರು ಹೇಳೋದು ನಿಜ ಅನ್ನಿ.

ಲೆಕ್ಕದವಳು:
ಅಲ್ಲ. ಹೊರಗೆ 0 ಡಿಗ್ರಿ, ಒಳಗೆ 20 ಇದ್ದರೆ ನಷ್ಟ 20 ಡಿಗ್ರಿಯ ಅಂತರಕ್ಕೆ. ಒಳಗೆ ಸರಾಸರಿ 18 ಆದರೆ ನಷ್ಟ ಶೇ 10 ಕಡಿಮೆ. ರಾತ್ರಿ ತಣಿಸಿದರೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಆದರೆ ತೀರಾ ತಣಿಸಿ, ಬೆಳಿಗ್ಗೆ ಬೇಗ ಬಿಸಿಯಾಗಲಿ ಎಂದು ನೀರನ್ನು 75ಕ್ಕೆ ಏರಿಸಿದರೆ ಕಂಡೆನ್ಸಿಂಗ್ ಲಾಭ ಅಲ್ಲೇ ಕೈಬಿಡುತ್ತದೆ. ಎರಕದ ಕಬ್ಬಿಣದ ಮನೆಗೆ ಎರಡು ಮೂರು ಡಿಗ್ರಿ ಇಳಿಸಿ, ಏಳುವ ಹೊತ್ತಿಗಿಂತ ಮೊದಲೇ ಮೆಲ್ಲಗೆ ಶುರು ಮಾಡುವುದು ನನಗೆ ಹಿಡಿಸಿದ ದಾರಿ.

ಬಾಡಿಗೆದಾರ:
ನಡುವೆ ಬಂದದ್ದಕ್ಕೆ ಬೇಜಾರಾಗಬೇಡಿ. ನನ್ನದು ಬಾಡಿಗೆ ಮನೆ. ಬಾಯ್ಲರ್ ಮುಟ್ಟುವಂತಿಲ್ಲ, ಬಿಲ್ ಮಾತ್ರ ನನ್ನದು. ನನ್ನಂಥವರಿಗೆ ಏನಿದೆ? ರೇಡಿಯೇಟರ್ ಹಿಂದೆ ಬೆಳ್ಳಿಹಾಳೆ ಅಂಟಿಸಿದರೆ ಬಿಲ್ ಅರ್ಧ ಆಗುತ್ತೆ ಅಂತ ವಿಡಿಯೋಗಳು ಹೇಳುತ್ತಿವೆ.

ಹಳೆಕಬ್ಬಿಣ:
ಅರ್ಧವಂತೆ! ಉಷ್ಣನಿರೋಧಕ ಇಲ್ಲದ ಹೊರಗೋಡೆಗೆ ಒತ್ತಿಕೊಂಡ ರೇಡಿಯೇಟರ್ ಹಿಂದೆ ಹಾಳೆ ಒಂದಿಷ್ಟು ಕೆಲಸ ಮಾಡುತ್ತದೆ, ಅದೂ ಹಾಳೆಗೂ ರೇಡಿಯೇಟರಿಗೂ ನಡುವೆ ಗಾಳಿಯಾಡಲು ಜಾಗವಿದ್ದರೆ. ಒಳಗೋಡೆಯ ಹಿಂದೆ ಅಂಟಿಸುವುದು ಬರೀ ಅಲಂಕಾರ. ಅದಕ್ಕಿಂತ ಮೊದಲು ಸೋಫಾವನ್ನು ರೇಡಿಯೇಟರಿಂದ ದೂರ ಎಳೆಯಿರಿ. ಉದ್ದನೆಯ ಪರದೆ ರೇಡಿಯೇಟರ್ ಮೇಲೆ ಇಳಿಬಿದ್ದಿದ್ದರೆ ಬಿಸಿ ಗಾಳಿ ನೇರ ಕಿಟಕಿಯ ಗಾಜಿಗೆ ಹೋಗುತ್ತದೆ. ಪರದೆ ಅದರ ಮೇಲಂಚಿಗೇ ನಿಲ್ಲುವಂತೆ ಮಡಚಿ. ಒಗೆದ ಬಟ್ಟೆ ಹರವುವುದನ್ನೂ ನಿಲ್ಲಿಸಿ. ಕೋಣೆಯ ಪಾಲಿನ ಶಾಖ ಬಟ್ಟೆ ಒಣಗಿಸಲು ಹೋಗುತ್ತದೆ, ಗೋಡೆಗೆ ತೇವ ಬೇರೆ.

ಪೈಪ್_ಪಂಡಿತ:
ರೇಡಿಯೇಟರ್ ಪಕ್ಕದ ಗುಂಡು ತಿರುಪಿನಲ್ಲಿ 1ರಿಂದ 5ರವರೆಗೆ ಅಂಕಿ ಇದೆಯೇ? ಅದು ಥರ್ಮೋಸ್ಟಾಟ್ ವಾಲ್ವ್. ಡ್ಯಾನ್‌ಫಾಸ್‌ನ ಮಾಡ್ಸ್ ಕ್ಲಾಸೆನ್ 1940ರ ದಶಕದಲ್ಲಿ ರೂಪಿಸಿದ್ದು. ಅಂಕಿ ಹೇಳುವುದು ಕೋಣೆ ಎಷ್ಟು ಬೆಚ್ಚಗಾಗಬೇಕು ಎಂಬುದನ್ನು. ಬಹುತೇಕ ಮಾದರಿಗಳಲ್ಲಿ 3 ಎಂದರೆ 20 ಡಿಗ್ರಿ ಹತ್ತಿರ. ಚಳಿಯಾಯಿತು ಅಂತ 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, 20 ದಾಟಿದ ಮೇಲೂ ನಿಲ್ಲದೆ ಏರುತ್ತದೆ ಅಷ್ಟೇ. ಜನ ಆಮೇಲೆ ಕಿಟಕಿ ತೆರೆಯುತ್ತಾರೆ. ವಾಲ್ವಿನ ತಲೆ, ಅಂದರೆ ಆ ಗುಂಡು ತಿರುಪು, ಪರದೆಯೊಳಗೆ ಹುದುಗಿದ್ದರೆ ಕೋಣೆ ಬೆಚ್ಚಗಿದೆ ಎಂದು ತಪ್ಪು ತಿಳಿದು ಬೇಗ ಮುಚ್ಚಿಕೊಳ್ಳುತ್ತದೆ. ಬೇಸಿಗೆ ಪೂರ್ತಿ ಮುಚ್ಚಿಟ್ಟರೆ ಒಳಗಿನ ಕಡ್ಡಿ ಅಂಟಿಕೊಳ್ಳುವುದುಂಟು. ತಲೆ ಬಿಚ್ಚಿ ಕಡ್ಡಿಯನ್ನು ಮೆಲ್ಲಗೆ ಒತ್ತಿ ಬಿಡಿ, ಒಳಗೆ ಹೊರಗೆ ಆಡಬೇಕು. ಇಕ್ಕಳ ಹಾಕಿ ಎಳೆಯಬೇಡಿ, ಕಿತ್ತು ಬಂದರೆ ನೀರಿನ ಕಾರಂಜಿ.

ಬಳಸದ ಕೋಣೆಯನ್ನು ಪೂರ್ತಿ ಮುಚ್ಚದೆ 1ರಲ್ಲಿ ಇಡಿ, ತೇವ ಹಿಡಿಯದಷ್ಟು. ಬಾಗಿಲು ಮುಚ್ಚಿರಲಿ.

ಮಂಜುಮನೆ:
ಬೆಳವಣಿಗೆ ಹೇಳುತ್ತೇನೆ. ತಂತ್ರಜ್ಞರು ಬಂದು ಟ್ಯಾಂಕಿಗೆ ಗಾಳಿ ತುಂಬಿದರು. ಪರದೆ ಸರಿಯಿತ್ತಂತೆ. ಮುಳ್ಳು ಈಗ ಬಿಸಿಗೂ ತಣ್ಣಗೂ ಹೆಚ್ಚು ಅಲುಗುತ್ತಿಲ್ಲ. ಮೂಲೆ ಪ್ಯಾನೆಲ್ ಬಿಚ್ಚಿ ತೊಳೆದಾಗ ಬಂದ ನೀರು ಶಾಯಿಯ ಬಣ್ಣ, ಅಯಸ್ಕಾಂತಕ್ಕೆ ಗಡ್ಡದ ಹಾಗೆ ಅಂಟಿತು. ದ್ರಾವಣ ಹಾಕಿದರು, ಫಿಲ್ಟರ್ ಕೂರಿಸಿದರು. ಈಗ ಆ ರೇಡಿಯೇಟರ್ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ, ಆದರೆ ಹಾಲ್‌ನಷ್ಟು ಬಿಸಿಯಲ್ಲ. ಇನ್ನು ಬ್ಯಾಲೆನ್ಸಿಂಗ್ ಅಂತಾರಲ್ಲ, ಅದೇ ಉಳಿದಿರುವುದಾ?

ಪೈಪ್_ಪಂಡಿತ:
ಅದೇ. ಕಾಲುವೆಯ ಮೊದಲ ಗದ್ದೆಯವರು ತೂಬು ಪೂರ್ತಿ ತೆಗೆದಿಟ್ಟರೆ ಕೊನೆಯ ಗದ್ದೆಗೆ ನೀರು ಹೇಗೆ ಹೋದೀತು? ಮೊದಲಿನವರ ತೂಬು ಇಳಿಸುವುದೇ ಬ್ಯಾಲೆನ್ಸಿಂಗ್. ರೇಡಿಯೇಟರಿನ ಒಂದು ಬದಿಗೆ ನೀವು ತಿರುಗಿಸುವ ವಾಲ್ವ್ ಇದ್ದರೆ ಇನ್ನೊಂದು ಬದಿಗೆ ಟೋಪಿ ಹಾಕಿದ ವಾಲ್ವ್ ಇರುತ್ತದೆ, ಲಾಕ್‌ಶೀಲ್ಡ್ ಅನ್ನುತ್ತಾರೆ. ಟೋಪಿ ತೆಗೆದು ಸ್ಪ್ಯಾನರ್‌ನಿಂದ ತಿರುಗಿಸಬೇಕು.

ಮನೆ ತಣ್ಣಗಿರುವ ಬೆಳಿಗ್ಗೆ ಶುರು ಮಾಡಿ. ಮೊದಲು ಪ್ರತಿ ಲಾಕ್‌ಶೀಲ್ಡ್ ಮುಚ್ಚಲು ಎಷ್ಟು ತಿರುವು ಬೇಕು ಅಂತ ಎಣಿಸಿ ಬರೆದುಕೊಳ್ಳಿ, ಕೆಟ್ಟರೆ ಮೊದಲಿನ ಸ್ಥಿತಿಗೆ ಮರಳಲು ಬೇಕು. ಆಮೇಲೆ ಎಲ್ಲವನ್ನೂ ಪೂರ್ತಿ ತೆರೆದು, ಥರ್ಮೋಸ್ಟಾಟ್ ತಲೆಗಳನ್ನೂ 5ಕ್ಕೆ ಇಟ್ಟು, ಬಾಯ್ಲರ್ ಹಚ್ಚಿ, ಯಾವುದು ಮೊದಲು ಬಿಸಿಯಾಗುತ್ತದೆ, ಯಾವುದು ಕೊನೆಗೆ ಅಂತ ನೋಡಿ. ಮೊದಲು ಬಿಸಿಯಾದದ್ದನ್ನು ಮುಚ್ಚಿ ಕಾಲು ತಿರುವು ಮಾತ್ರ ತೆರೆಯಿರಿ. ನಂತರದವು ಅರ್ಧ, ಮುಕ್ಕಾಲು. ಕೊನೆಯದು ಪೂರ್ತಿ. ಒಳಹೋಗುವ ಪೈಪಿಗೂ ಹೊರಬರುವ ಪೈಪಿಗೂ ಕ್ಲಿಪ್ ಥರ್ಮಾಮೀಟರ್ ಸಿಕ್ಕಿಸಿದರೆ ಕಣ್ಣಂದಾಜಿಗಿಂತ ಒಳ್ಳೆಯದು. ಪ್ರತಿ ಬದಲಾವಣೆಯ ನಂತರ ಕಾಯಿರಿ, ಎರಕದ ಕಬ್ಬಿಣಕ್ಕೆ ಅವಸರ ಗೊತ್ತಿಲ್ಲ. ಎಲ್ಲ ರೇಡಿಯೇಟರಿನ ಅಂಕಿಗಳೂ ಒಂದೇ ಆಗಲೇಬೇಕೆಂದು ಹಟ ಹಿಡಿಯಬೇಡಿ. ಕೋಣೆಗಳು ಒಟ್ಟೊಟ್ಟಿಗೆ ಬೆಚ್ಚಗಾದರೆ ಸಾಕು.

ಇನ್ನೊಂದು. ಗೋಡೆಯ ಮುಖ್ಯ ಥರ್ಮೋಸ್ಟಾಟ್ ಯಾವ ಕೋಣೆಯಲ್ಲಿದೆಯೋ ಅಲ್ಲಿನ ರೇಡಿಯೇಟರಿಗೆ ಥರ್ಮೋಸ್ಟಾಟ್ ತಲೆ ಬೇಡ, ಇದ್ದರೆ ಪೂರ್ತಿ ತೆರೆದಿಡಿ. ಇಲ್ಲದಿದ್ದರೆ ಎರಡೂ ಒಂದೇ ಕೋಣೆಯ ಮೇಲೆ ಜಗಳವಾಡುತ್ತವೆ: ರೇಡಿಯೇಟರ್ ಮುಚ್ಚಿಕೊಂಡಿರುತ್ತದೆ, ಗೋಡೆಯದು ಇನ್ನೂ ಬಿಸಿ ಬೇಕು ಅಂತ ಬಾಯ್ಲರ್ ಓಡಿಸುತ್ತಿರುತ್ತದೆ.

ಲೆಕ್ಕದವಳು:
ಬ್ಯಾಲೆನ್ಸಿಂಗ್ ಆದಾಗ ಮರಳುವ ನೀರೂ ತಣ್ಣಗಾಗುತ್ತದೆ ಎಂಬುದನ್ನು ಗಮನಿಸಿ. 1.5 ಕಿಲೋವ್ಯಾಟ್ ರೇಡಿಯೇಟರಿಗೆ ನೀರು 10 ಡಿಗ್ರಿ ತಣಿದು ಬರಬೇಕೆಂದರೆ ನಿಮಿಷಕ್ಕೆ ಸುಮಾರು 2.1 ಲೀಟರ್ ಹರಿಯಬೇಕು, 20 ಡಿಗ್ರಿ ತಣಿಯಬೇಕೆಂದರೆ 1 ಲೀಟರಿಗಿಂತ ತುಸು ಹೆಚ್ಚು ಸಾಕು. ಹಾಲ್‌ನ ಮೂಲಕ ಭೋರ್ಗರೆದು ಹೋದ ನೀರು ಬಿಸಿಬಿಸಿಯಾಗೇ ಬಾಯ್ಲರಿಗೆ ಮರಳುತ್ತಿತ್ತು. ಆ ಒಂದು ವಾಲ್ವ್ ಇಡೀ ಮನೆಯ ಕಂಡೆನ್ಸಿಂಗ್ ಕೆಡಿಸಬಲ್ಲದು.

ಈಗ 75ರಿಂದ ಇಳಿಯಿರಿ. ಒಮ್ಮೆಗೆ 5 ಡಿಗ್ರಿ. ಒಂದೆರಡು ದಿನ ಬಿಟ್ಟು ಮತ್ತೆ 5. ಅತಿ ಚಳಿಯ ಕೋಣೆ ಇನ್ನು ಬೇಕಾದಷ್ಟು ಬೆಚ್ಚಗಾಗುತ್ತಿಲ್ಲ ಎಂಬ ಹಂತ ಬಂದಾಗ ಒಂದು ಹೆಜ್ಜೆ ಮೇಲಕ್ಕೆ. ಹೊರಗೆ ಸೆನ್ಸರ್ ಹಾಕಿಸಿದರೆ ಚಳಿ ಹೆಚ್ಚಾದಾಗ ನೀರಿನ ಬಿಸಿ ತಾನೇ ಏರಿ, ಕಡಿಮೆಯಾದಾಗ ತಾನೇ ಇಳಿಯುತ್ತದೆ. ನಿಮ್ಮ ಬಾಯ್ಲರ್ ಅದಕ್ಕೆ ಒಗ್ಗುತ್ತದೆಯೇ ಕೈಪಿಡಿಯಲ್ಲಿ ನೋಡಿ, ನನಗೆ ಕೇಳಿದರೆ ಹೊಸ ರೇಡಿಯೇಟರಿಗಿಂತ ಮೊದಲು ಅದಕ್ಕೆ ದುಡ್ಡು ಹಾಕುತ್ತೇನೆ. ಸ್ನಾನದ ನೀರನ್ನು ಸಿಲಿಂಡರಿನಲ್ಲಿ ಸಂಗ್ರಹಿಸಿಡುವ ಮನೆಯಾದರೆ ಅದನ್ನು ಮಾತ್ರ 60 ಡಿಗ್ರಿಗೆ ಬಿಸಿಮಾಡಲೇಬೇಕು, ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾದ ಭಯ. ಕೋಣೆಗೂ ಸಿಲಿಂಡರಿಗೂ ಬೇರೆ ಬೇರೆ ಉಷ್ಣತೆ ಇಡಲು ಬಾರದ ಬಾಯ್ಲರ್ ಇದ್ದರೆ ತೀರಾ ಕೆಳಗೆ ಹೋಗಬೇಡಿ.

ಹೊಗೆಗೂಡು:
ಇದನ್ನು ಓದಿ ನಾನೂ ನನ್ನ ಎಣ್ಣೆ ಬಾಯ್ಲರನ್ನು 50ಕ್ಕೆ ಇಳಿಸಲೇ? ಅದು ಕಂಡೆನ್ಸಿಂಗ್ ಅಲ್ಲ, ಎರಕದ ಕಬ್ಬಿಣದ ದೊಡ್ಡ ಡಬ್ಬ. ಹೊಗೆ ಇಟ್ಟಿಗೆಯ ಚಿಮಣಿಗೆ ಹೋಗುತ್ತದೆ.

ಲೆಕ್ಕದವಳು:
ದಯವಿಟ್ಟು ಬೇಡ! ಮೇಲೆ ಹೇಳಿದ್ದೆಲ್ಲ ಕಂಡೆನ್ಸಿಂಗ್ ಬಾಯ್ಲರಿಗೆ. ಅದರ ಒಳಮೈ ಆಮ್ಲೀಯ ನೀರನ್ನು ತಡೆಯುವಂತೆ ಮಾಡಿರುತ್ತಾರೆ. ನಿಮ್ಮದರಲ್ಲಿ ತಣ್ಣನೆ ನೀರು ಮರಳಿ ಹೊಗೆಯ ಆವಿ ನೀರಾದರೆ ಬಾಯ್ಲರಿನ ಒಳಭಾಗವನ್ನೂ ಚಿಮಣಿಯನ್ನೂ ತಿಂದುಹಾಕುತ್ತದೆ.

ಪೈಪ್_ಪಂಡಿತ:
ಹೊಗೆಗೂಡು ಅವರಿಗೆ ದಾರಿ ಬೇರೆ. ಬಾಯ್ಲರ್ ತಯಾರಕರು ಹೇಳಿದ ಕನಿಷ್ಠ ಉಷ್ಣತೆಯಲ್ಲೇ ಇರಲಿ, ರೇಡಿಯೇಟರುಗಳಿಗೆ ಹೋಗುವ ನೀರಿನ ಬಿಸಿಯನ್ನು ಮಾತ್ರ, ಮರಳಿದ ತಣ್ಣನೆ ನೀರನ್ನು ಬೆರೆಸುವ ಮಿಕ್ಸಿಂಗ್ ವಾಲ್ವ್‌ನಿಂದ ಇಳಿಸಬಹುದು. ವರ್ಷಕ್ಕೊಮ್ಮೆ ಮಸಿ ತೆಗೆಸಿ, ಬರ್ನರ್ ಅಳತೆ ಮಾಡಿಸಿ. ನೆಲಮಾಳಿಗೆಯ ಪೈಪುಗಳಿಗೆ ಉಷ್ಣನಿರೋಧಕ ಸುತ್ತಿ. ಅಲ್ಲಿ ಈಗಾಗಲೇ ಬೂದುಬಿಳಿ ಗಾರೆಯಂಥ ಹಳೇ ಹೊದಿಕೆ ಇದ್ದರೆ ಮುಟ್ಟಬೇಡಿ, ಆಸ್‌ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸಿ. ಚಳಿಗಾಳಿ ಬರುತ್ತದೆ ಅಂತ ಬಾಯ್ಲರ್ ಕೋಣೆಯ ಗಾಳಿಕಿಂಡಿ ಮುಚ್ಚುವುದಂತೂ ಕೂಡದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ಹಾಕಿ.

ಮಂಜುಮನೆ:
ಬ್ಯಾಲೆನ್ಸಿಂಗ್ ಮುಗಿಸಿದೆವು. ಬಾಯ್ಲರ್ ಈಗ 55ರಲ್ಲಿದೆ, ಮೂಲೆ ಕೋಣೆಯೂ ಸೇರಿ ಎಲ್ಲ ಕಡೆ 20 ನಿಲ್ಲುತ್ತಿದೆ. ಮರಳುವ ಪೈಪನ್ನು ಈಗ ಕೈಯಲ್ಲಿ ಹಿಡಿದುಕೊಳ್ಳಬಹುದು. ಮುಂದೆ ಯಾವತ್ತಾದರೂ ಹೀಟ್ ಪಂಪ್ ಹಾಕಿಸಿದರೆ ಇದೇ ರೇಡಿಯೇಟರ್ ನಡೆಯುತ್ತವೆಯೇ?

ಲೆಕ್ಕದವಳು:
ಅದರ ಪರೀಕ್ಷೆ ನೀವು ಅರ್ಧ ಮಾಡಿಯಾಗಿದೆ. ಚಳಿ ಅತಿಯಾದ ವಾರದಲ್ಲೂ 50, 55ರ ನೀರಿನಿಂದ ಮನೆ ಬೆಚ್ಚಗಿದ್ದರೆ ಬಹುಮಟ್ಟಿಗೆ ನಡೆಯುತ್ತವೆ. ನೀರನ್ನು ಒಂದೊಂದು ಡಿಗ್ರಿ ಇಳಿಸಿದಾಗಲೂ ಹೀಟ್ ಪಂಪ್ ಸುಮಾರು ಶೇ 2ರಿಂದ 3 ಕಡಿಮೆ ಕರೆಂಟ್ ತಿನ್ನುತ್ತದೆ. ಹಾಗಾಗಿ ಸೋಲುವ ಒಂದೆರಡು ಕೋಣೆಗಳ ತೆಳು ಪ್ಯಾನೆಲ್‌ಗಳನ್ನಷ್ಟೇ ಎರಡು ಹಾಳೆ, ಎರಡು ಸಾಲು ರೆಕ್ಕೆಗಳ ದಪ್ಪ ಪ್ಯಾನೆಲ್‌ಗೆ ಬದಲಿಸಿ. ಅಷ್ಟೇ ಅಗಲದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಶಾಖ. ಕೆಳಗಿನ ಕಂಬಗಳನ್ನು ಮುಟ್ಟಬೇಡಿ.

ಚಳಿರಾಯ:
ಸರಿ ಸರಿ, ಕಬ್ಬಿಣ ಗುಜರಿಗೆ ಬೇಡ. ಆದ್ರೆ ಕಿಟಕಿ ಸಂದಿಯಿಂದ ಗಾಳಿ ಬರೋ ಮನೇಲಿ ಇದೆಲ್ಲ ಮಾಡಿ ಏನು ಬಂತು? ಮೊದಲು ಅದನ್ನ ಮುಚ್ಚಿ ಅಂತ ಯಾರೂ ಹೇಳ್ಲಿಲ್ವಲ್ಲ.

ಹಳೆಕಬ್ಬಿಣ:
ಇದೊಂದು ನಿಜ. ಅಟ್ಟ ಮತ್ತು ಸಂದಿಗಳೇ ಮೊದಲು.

ಸುಮ್ನೆ_ಓದುಗ:
ನಮ್ಮದು ನೀರಲ್ಲ, ಹಬೆ. ರೇಡಿಯೇಟರಿಗೆ ಒಂದೇ ಪೈಪ್, ಇನ್ನೊಂದು ಬದಿಗೆ ಬೆಳ್ಳಿಯ ಬುಲೆಟ್ಟಿನಂಥ ಚಿಕ್ಕ ವಾಲ್ವ್. ರಾತ್ರಿ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಸದ್ದು. ಬಿಸಿ ಜಾಸ್ತಿಯಾಯಿತೆಂದು ಪೈಪಿನ ಕಡೆಯ ವಾಲ್ವ್ ಅರ್ಧ ಮುಚ್ಚಿದ್ದೇವೆ. ಈ ಸಲಹೆಗಳಲ್ಲಿ ನಮಗೆ ಯಾವುದು ಹೊಂದುತ್ತದೆ?

ಪೈಪ್_ಪಂಡಿತ:
ಬಹುತೇಕ ಯಾವುದೂ ಹೊಂದುವುದಿಲ್ಲ! ಮೊದಲು ಆ ಅರ್ಧ ಮುಚ್ಚಿದ ವಾಲ್ವನ್ನು ಪೂರ್ತಿ ತೆರೆಯಿರಿ. ಒಂದೇ ಪೈಪಿನಲ್ಲಿ ಹಬೆ ಒಳಗೆ ಹೋಗಬೇಕು, ನೀರಾದದ್ದು ಅದೇ ದಾರಿಯಲ್ಲಿ ಹಿಂದೆ ಬರಬೇಕು. ಅರ್ಧ ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ, ಹಬೆ ಅದಕ್ಕೆ ಗುದ್ದುತ್ತದೆ, ಆ ಸದ್ದು ಅದೇ. ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಆಮೇಲೆ ರೇಡಿಯೇಟರ್ ಮೇಲೆ ಲೆವೆಲ್ ಇಟ್ಟು ನೋಡಿ, ಪೈಪಿನ ವಾಲ್ವಿನ ಕಡೆಗೆ ತುಸು ಇಳಿಜಾರಿರಬೇಕು. ಇಲ್ಲದಿದ್ದರೆ ಅದರ ಎದುರು ಬದಿಯ, ಅಂದರೆ ಬುಲೆಟ್ ಇರುವ ಕಡೆಯ ಕಾಲುಗಳ ಕೆಳಗೆ ತೆಳು ಬಿಲ್ಲೆ ಕೊಡಿ.

ಬುಲೆಟ್ ಅಂದಿರಲ್ಲ, ಅದು ಗಾಳಿ ಬಿಡುವ ವಾಲ್ವ್. ಗಾಳಿ ಹೊರಗೆ ಹೋದಷ್ಟು ವೇಗದಲ್ಲಿ ಹಬೆ ಒಳಬರುತ್ತದೆ. ಸೆಕೆಯಾಗುವ ಕೋಣೆಗೆ ನಿಧಾನದ್ದು, ಚಳಿ ಕೋಣೆಗೆ ವೇಗದ್ದು ಹಾಕಿ. ನಿಮ್ಮ ಬ್ಯಾಲೆನ್ಸಿಂಗ್ ಅಲ್ಲೇ ಇದೆ. ಥರ್ಮೋಸ್ಟಾಟ್ ಬೇಕಿದ್ದರೂ ಪೈಪಿನ ಕಡೆಗಲ್ಲ, ಈ ಬುಲೆಟ್ಟಿನ ಕಡೆಗೇ ಕೂರಿಸುವ ಮಾದರಿ ಸಿಗುತ್ತದೆ. ನೆಲಮಾಳಿಗೆಯ ಮುಖ್ಯ ಪೈಪಿನ ತುದಿಯಲ್ಲೂ ದೊಡ್ಡ ಗಾಳಿ ವಾಲ್ವ್ ಇರಬೇಕು, ಅದು ಕಟ್ಟಿಕೊಂಡಿದ್ದರೆ ದೂರದ ಕೋಣೆಗಳಿಗೆ ಹಬೆ ತಲುಪುವುದೇ ತಡ. ಒತ್ತಡ ಏರಿಸಿದರೆ ಬೇಗ ಬಿಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆಯ ಹಬೆ ವ್ಯವಸ್ಥೆಗೆ 2 ಪಿಎಸ್‌ಐ (ಚದರ ಇಂಚಿಗೆ 2 ಪೌಂಡ್) ಒಳಗಿನ ಒತ್ತಡ ಸಾಕು.

ಸುಮ್ನೆ_ಓದುಗ:
ವಾಲ್ವ್ ತೆರೆದೆ, ಬಿಲ್ಲೆ ಇಟ್ಟೆ. ಸದ್ದು ನಿಂತಿದೆ, ಆದರೆ ಆ ಬುಲೆಟ್ ಈಗ ಬುಸುಗುಡುತ್ತಾ ನೀರು ಉಗುಳುತ್ತಿದೆ.

ಪೈಪ್_ಪಂಡಿತ:
ಒಳಗೆ ನಿಂತಿದ್ದ ನೀರು ಬರುತ್ತಿರಬಹುದು, ಒಂದೆರಡು ದಿನ ನೋಡಿ. ಆಮೇಲೂ ಉಗುಳಿದರೆ ಅದು ಮುಚ್ಚಿಕೊಳ್ಳುತ್ತಿಲ್ಲ, ಹೊಸದು ಹಾಕಿ. ಬದಲಿಸುವಾಗ ಬಾಯ್ಲರ್ ಆರಿ ರೇಡಿಯೇಟರ್ ಪೂರ್ತಿ ತಣ್ಣಗಿರಲಿ, ಹಳೆಯದನ್ನು ಇಕ್ಕಳದಿಂದ ಹಿಂಡದೆ ಕೈಯಲ್ಲೇ ಬಿಚ್ಚಲು ನೋಡಿ.